ಮೂವತ್ತೈದರಲ್ಲಿ ಒಂದು ಪಾಲು

ನನ್ನ ಓದುವ ಮೇಜಿನ ಮೇಲೆ ಒಂದು ಯುದ್ಧ ಟ್ಯಾಂಕ್ ಇದೆ. ಫಿರಂಗಿಯ ನಳಿಗೆಯೂ ಸೇರಿ ಉದ್ದ ಸುಮಾರು 26 ಸೆಂ.ಮೀ. ಎತ್ತರ 7 ಸೆಂ.ಮೀ.ಗೆ ತುಸು ಕಡಿಮೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದಾಗ ಕಾಲು ಕಿಲೋ ಬಂತು. ಸೋವಿಯತ್ ಒಕ್ಕೂಟದಲ್ಲಿ ರೂಪುಗೊಂಡು, 1971ರ ಯುದ್ಧದಲ್ಲಿ ನಮ್ಮ ಸೇನೆಯೂ ಬಳಸಿದ ಟಿ-55 ಟ್ಯಾಂಕಿನ ಪ್ಲಾಸ್ಟಿಕ್ ಮಾದರಿ ಇದು. ಬಿ.ಎಸ್ಸಿ. ಎರಡನೆಯ ವರ್ಷದಿಂದ ಇಂಥ ಕಿಟ್‌ಗಳನ್ನು ಜೋಡಿಸಿ ಬಣ್ಣ ಹಚ್ಚುತ್ತಾ ಬಂದಿದ್ದೇನೆ. ಟಿ-55 ನನ್ನ ಏಳನೆಯದು. ಹುಡುಗಿಗೆ ಇದೆಂಥ ಹವ್ಯಾಸ ಎಂದು ಹಾಸ್ಟೆಲಿನಲ್ಲಿ ಕೇಳಿದವರು ಬಹಳ ಮಂದಿ. ರಂಗೋಲಿ ಬಿಡಿಸುವಾಗ ಬೇಕಾಗುವ ಕೈಯ ಸ್ಥಿರತೆ, ಕಸೂತಿ ಹಾಕುವಾಗ ಬೇಕಾಗುವ ತಾಳ್ಮೆ ಎರಡೂ ಇದಕ್ಕೂ ಬೇಕು ಎಂದಷ್ಟೇ ಅವರಿಗೆ ಹೇಳಿದ್ದೇನೆ.

ಈ ಸಲದ ಬೋಧನಾಭ್ಯಾಸದಲ್ಲಿ ಎಂಟನೆಯ ತರಗತಿಗೆ 'ಬಲ ಮತ್ತು ಒತ್ತಡ' ಘಟಕ ನನ್ನ ಪಾಲಿಗೆ ಬಂತು. ಆ ಪಾಠಕ್ಕೆ ಈ ಟ್ಯಾಂಕನ್ನೇ ಕಲಿಕೋಪಕರಣವಾಗಿ ಒಯ್ದೆ. ಅದರಿಂದ ಮಕ್ಕಳಿಗೆ ಏನು ಸಿಕ್ಕಿತು, ನನಗೆ ಏನು ಸಿಕ್ಕಿತು, ಯಾವ ಪ್ರಶ್ನೆಗಳು ಉಳಿದವು ಎಂಬುದನ್ನು ಸಹ ಪ್ರಶಿಕ್ಷಣಾರ್ಥಿಗಳ ಮುಂದೆ ಇಡಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ಅಳತೆ ಬಂದ ದಾರಿ

ಟ್ಯಾಂಕ್ ಮಾದರಿಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಅಳತೆ 1:35. ಅಂದರೆ ನಿಜವಾದ ಟ್ಯಾಂಕಿನ 35 ಸೆಂ.ಮೀ. ಇಲ್ಲಿ 1 ಸೆಂ.ಮೀ. ಹತ್ತಲ್ಲ, ಐವತ್ತಲ್ಲ, ಮೂವತ್ತೈದೇ ಯಾಕೆ? ವಿಮಾನ ಮಾದರಿಗಳ 1:72ಕ್ಕೆ ಒಂದು ಲೆಕ್ಕವಿದೆ: ಆರು ಅಡಿ ಎಂದರೆ 72 ಅಂಗುಲ, ಅದು ಮಾದರಿಯಲ್ಲಿ ಒಂದು ಅಂಗುಲ. 1:35ರ ಹಿಂದೆ ಅಂಥ ಅಚ್ಚುಕಟ್ಟಾದ ಲೆಕ್ಕವಿಲ್ಲ. ಜಪಾನಿನ ಶಿಜುವೊಕಾದ ತಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಓಡುವ ಮಾದರಿಯನ್ನು ತಯಾರಿಸಿತು. ಒಳಗೆ ಮೋಟಾರು, ಬ್ಯಾಟರಿ ಹಿಡಿಸುವಷ್ಟು ದೊಡ್ಡದಾಗಿ ಅದನ್ನು ಮಾಡಬೇಕಿತ್ತು. ಹಾಗೆ ಮಾಡಿದ್ದು ನಿಜವಾದ ಟ್ಯಾಂಕಿನ ಮೂವತ್ತೈದರಲ್ಲಿ ಒಂದು ಪಾಲಿನ ಹತ್ತಿರಕ್ಕೆ ಬಂತು. ಮುಂದಿನ ಮಾದರಿಗಳೂ ಅದನ್ನೇ ಅನುಸರಿಸಿದವು, ಬೇರೆ ಕಂಪನಿಗಳೂ ಹಿಂಬಾಲಿಸಿದವು. ಬ್ಯಾಟರಿಯ ಗಾತ್ರ ಒಂದು ಅಂತರರಾಷ್ಟ್ರೀಯ ಅಳತೆಯನ್ನು ತೀರ್ಮಾನಿಸಿತು.

ಮಾದರಿಯ ಅಳತೆ ಅದನ್ನು ಮಾಡುವವರ ಅಗತ್ಯದಿಂದ ಹುಟ್ಟುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ನಾವು ಪಾಠಕ್ಕೆ ಮಾಡುವ ಮಾದರಿಗಳೂ ಹಾಗೆಯೇ. ಬಸ್ಸಿನಲ್ಲಿ ಒಯ್ಯಲು ಆಗುವಷ್ಟು, ಕೊನೆಯ ಬೆಂಚಿಗೆ ಕಾಣುವಷ್ಟು, ಕೈಯಲ್ಲಿರುವ ಥರ್ಮಕೋಲಿಗೆ ಹೊಂದುವಷ್ಟು.

ಅಂಟು, ಬಣ್ಣ, ಕೆಸರು

ಕಿಟ್‌ನ ಡಬ್ಬಿ ತೆರೆದರೆ ಒಳಗೆ ಇರುವುದು ಪ್ಲಾಸ್ಟಿಕ್ಕಿನ ಚೌಕಟ್ಟುಗಳು. ಒಂದೊಂದರಲ್ಲೂ ಹತ್ತಾರು ಬಿಡಿಭಾಗಗಳು, ಮಾವಿನ ತೊಟ್ಟಿಗೆ ಅಂಟಿಕೊಂಡ ಮಿಡಿಗಳ ಹಾಗೆ. ಒಂದೊಂದನ್ನೂ ಕತ್ತರಿಸಿ, ತೊಟ್ಟಿನ ಗುರುತನ್ನು ಮರಳು ಕಾಗದದಿಂದ ಉಜ್ಜಿ, ಚಿತ್ರದಲ್ಲಿ ತೋರಿಸಿದ ಕ್ರಮದಲ್ಲಿ ಕೂಡಿಸಬೇಕು. ಭೌತ ಮತ್ತು ರಸಾಯನ ವಿಜ್ಞಾನ ಓದಿದವರಿಗೆ ಇಲ್ಲಿ ಪ್ರತಿ ಹಂತದಲ್ಲೂ ಒಂದು ಪಾಠ ಸಿಗುತ್ತದೆ.

ಕಿಟ್‌ನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಥರ್ಮಕೋಲ್ ಕೂಡ ಇದೇ ವಸ್ತು, ಉಬ್ಬಿಸಿ ಹಗುರ ಮಾಡಿದ ರೂಪ ಅಷ್ಟೇ. ಇದಕ್ಕೆ ಹಚ್ಚುವ ತೆಳು ಅಂಟು ವಾಸ್ತವದಲ್ಲಿ ಒಂದು ದ್ರಾವಕ. ಎರಡು ತುಂಡುಗಳ ಅಂಚನ್ನು ಅದು ಕರಗಿಸುತ್ತದೆ, ಎರಡೂ ಕಡೆಯ ಅಣುಸರಪಳಿಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ, ಆಮೇಲೆ ದ್ರಾವಕ ಆವಿಯಾಗಿ ಹೋಗುತ್ತದೆ. ನಡುವೆ ಅಂಟಿನ ಪದರವೇ ಉಳಿಯುವುದಿಲ್ಲ. ಇದನ್ನು ಅಂಟಿಸುವುದು ಎನ್ನುವುದಕ್ಕಿಂತ ಬೆಸೆಯುವುದು ಎನ್ನಬೇಕು. ಅದರ ಆವಿ ಉಸಿರಿಗೆ ಒಳ್ಳೆಯದಲ್ಲವಾದ್ದರಿಂದ ಕಿಟಕಿ ತೆರೆದಿಟ್ಟೇ ಕೆಲಸ ಮಾಡಬೇಕು.

ಮೂಲ ಬಣ್ಣ ಒಣಗಿದ ಮೇಲೆ ಕಪ್ಪು-ಕಂದು ಬಣ್ಣವನ್ನು ನೀರಿನಷ್ಟು ತೆಳುವಾಗಿಸಿ ಸಂದುಗಳ ಬಳಿ ಕುಂಚದ ತುದಿ ತಾಗಿಸಿದರೆ ಸಾಕು, ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ ಅದು ತಾನಾಗಿಯೇ ಗೆರೆಗಳುದ್ದಕ್ಕೂ ಹರಿಯುತ್ತದೆ. ಮಾದರಿಗೆ ನೆರಳು ಬರುವುದು ಹೀಗೆ. ಕೇಶಾಕರ್ಷಣೆಯನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಯೋಗ ನನಗೆ ಗೊತ್ತಿಲ್ಲ.

ಕೆಸರಿನ ವಿಷಯ ಇನ್ನೂ ಸ್ವಾರಸ್ಯ. ಟ್ಯಾಂಕಿನ ಪಟ್ಟಿಗಳಿಗೆ ಮಣ್ಣು ಮೆತ್ತಬೇಕು. ಊರಿನ ಕೆಮ್ಮಣ್ಣು ಬೇಕಾದಷ್ಟಿದೆ. ಆದರೆ ನಿಜವಾದ ಮಣ್ಣು ಹಚ್ಚಿದರೆ ಅದು ಮಣ್ಣಿನ ಹಾಗೆ ಕಾಣುವುದಿಲ್ಲ. ಒಂದು ಮಿ.ಮೀ. ಮರಳಿನ ಕಣ ಈ ಅಳತೆಯಲ್ಲಿ ಮೂರೂವರೆ ಸೆಂ.ಮೀ. ಜಲ್ಲಿಕಲ್ಲು! ಹಾಗಾಗಿ ಮಣ್ಣನ್ನು ಒಣಗಿಸಿ, ಕುಟ್ಟಿ, ಹಳೆಯ ವಾಯಿಲ್ ಸೀರೆಯ ಬಟ್ಟೆಯಲ್ಲಿ ಎರಡು ಸಲ ಸೋಸಿ, ಹಿಟ್ಟಿನಂಥ ಧೂಳನ್ನಷ್ಟೇ ಬಳಸುತ್ತೇನೆ. ಬಣ್ಣದ ಪದರವೂ ಹಾಗೆಯೇ. ಹತ್ತನೇ ಒಂದು ಮಿ.ಮೀ. ದಪ್ಪ ಹಚ್ಚಿದರೆ ನಿಜವಾದ ಟ್ಯಾಂಕಿಗೆ ಮೂರೂವರೆ ಮಿ.ಮೀ. ಗಾರೆ ಬಳಿದಂತೆ. ವಸ್ತುವನ್ನು ಚಿಕ್ಕದು ಮಾಡಬಹುದು. ಮಣ್ಣಿನ ಕಣ, ನೀರಿನ ಹನಿ, ಬಣ್ಣದ ದಪ್ಪ ಅದರ ಜೊತೆ ಚಿಕ್ಕದಾಗಿ ಬರುವುದಿಲ್ಲ.

ಮಾವನ ಪ್ರಶ್ನೆ

ನನ್ನ ಸೋದರಮಾವ ಸೇನೆಯ ಟ್ಯಾಂಕ್ ರೆಜಿಮೆಂಟಿನಲ್ಲಿ ಚಾಲಕರಾಗಿದ್ದು, ದಫೇದಾರ್ ಆಗಿ ನಿವೃತ್ತರಾದವರು. ಅವರು ಓಡಿಸಿದ್ದು ಟಿ-55. ನಾನು ಈ ಕಿಟ್ ತರಿಸಿದ್ದೂ ಅದೇ ಕಾರಣಕ್ಕೆ. ಅಳತೆ, ಬಣ್ಣ ನೋಡಿಕೊಳ್ಳಲು ಮಡಿಕೇರಿಗೂ ಹೋಗಿದ್ದೆ. ಅಲ್ಲಿ ಜನರಲ್ ತಿಮ್ಮಯ್ಯನವರ ಮನೆ ಸನ್ನಿಸೈಡ್ ಈಗ ವಸ್ತುಸಂಗ್ರಹಾಲಯ, ಅದರ ಅಂಗಳದಲ್ಲಿ ಒಂದು ಟಿ-55 ನಿಂತಿದೆ. ಐದು ಚಕ್ರಗಳಲ್ಲಿ ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಮಾತ್ರ ಜಾಗ ಹೆಚ್ಚು, ಈ ಟ್ಯಾಂಕಿನ ಗುರುತೇ ಅದು. ಅದರ ಪಕ್ಕ ನಿಂತಾಗ ಚಕ್ರಗಳೇ ನನ್ನ ಸೊಂಟದ ಹತ್ತಿರಕ್ಕೆ ಬಂದವು.

ಮಾದರಿ ಮುಗಿದ ಮೇಲೆ ಮಾವನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು, ತಿರುಗಿಸಿ ತಿರುಗಿಸಿ ನೋಡಿದರು.

"ಚೆನ್ನಾಗೈತೆ ಕಣವ್ವ. ಒಳಗೇನೈತೆ?"

"ಒಳಗೇನಿಲ್ಲ ಮಾವ, ಖಾಲಿ."

"ಖಾಲೀನಾ? ಟ್ಯಾಂಕ್ ಇರೋದೇ ಒಳಗೆ," ಎಂದರು.

ಆಮೇಲೆ ಹೇಳುತ್ತಾ ಹೋದರು. ಮುಂದೆ ಎಡಗಡೆ ಚಾಲಕ ಒಬ್ಬನೇ, ಉಳಿದ ಮೂವರು ಮೇಲಿನ ಗೋಪುರದಲ್ಲಿ. ಚಾಲಕನ ಬಲಕ್ಕೆ ಡೀಸೆಲ್ ತೊಟ್ಟಿ, ಅದರಲ್ಲೇ ಜೋಡಿಸಿಟ್ಟ ಫಿರಂಗಿ ಗುಂಡುಗಳು. ಬೆನ್ನ ಹಿಂದೆ ನೆಲದಲ್ಲಿ ಒಂದು ತುರ್ತು ಬಾಗಿಲು. ರಾಜಸ್ಥಾನದ ಮೇ ತಿಂಗಳಲ್ಲಿ ಒಳಗಿನ ಕಬ್ಬಿಣ ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತಂತೆ. ಅವರು ಸೇನೆಗೆ ಸೇರಿದ್ದು 1971ರ ಯುದ್ಧದ ನಂತರ, ಯುದ್ಧ ಕಂಡವರಲ್ಲ. ಅಭ್ಯಾಸದಲ್ಲೇ ಅವರ ಎಡಗಿವಿ ಮಂದವಾಗಿದೆ. ಅವರ ಜೊತೆ ಮಾತಾಡುವವರು ಈಗಲೂ ಬಲಗಡೆಯೇ ಕೂರಬೇಕು.

ನನ್ನ ಮಾದರಿಯಲ್ಲಿ ಸಂದುಗಳಿವೆ, ತುಕ್ಕಿದೆ, ಕೆಸರಿದೆ. ಶಾಖವಿಲ್ಲ, ಸದ್ದಿಲ್ಲ, ಡೀಸೆಲ್ ವಾಸನೆಯಿಲ್ಲ, ಪಕ್ಕದಲ್ಲಿ ಗುಂಡು ಇಟ್ಟುಕೊಂಡು ಕೂರುವ ಮನುಷ್ಯನಿಲ್ಲ. ಪಾಠಯೋಜನೆ ಬರೆಯುವಾಗ ಮಾವನ ಮಾತು ನನ್ನ ಜೊತೆಗೇ ಇತ್ತು. ಕಪ್ಪುಹಲಗೆಯ ಕೆಲಸದ ಅಂಕಣದಲ್ಲಿ ಎರಡು ಕಾಲಂ ಹಾಕಿದೆ: 'ಇದರಲ್ಲಿ ಇದೆ', 'ಇದರಲ್ಲಿ ಇಲ್ಲ'.

ತರಗತಿಯಲ್ಲಿ

ನನಗೆ ಸಿಕ್ಕ ಶಾಲೆ ಮಂಡ್ಯ ಜಿಲ್ಲೆಯ ಒಂದು ಹಳ್ಳಿಯದು. ಸುತ್ತ ಕಬ್ಬು, ಭತ್ತ, ನಾಲೆ. ಟ್ಯಾಂಕನ್ನು ಮೇಜಿನ ಮೇಲಿಟ್ಟು ಇದೇನು ಎಂದು ಕೇಳಿದೆ. "ಟ್ಯಾಂಕು" ಎಂದರು ಹುಡುಗರು. "ಟ್ಯಾಂಕ್ ಅಂದ್ರೆ ನೀರಿಂದಲ್ವಾ ಮಿಸ್?" ಎಂದಳು ಒಬ್ಬಳು. ಅವಳ ಮಾತಿನಲ್ಲಿ ಚರಿತ್ರೆ ಇದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಈ ಯಂತ್ರವನ್ನು ಗುಟ್ಟಾಗಿ ತಯಾರಿಸುತ್ತಿದ್ದಾಗ ನೋಡಿದವರಿಗೆ ಅನುಮಾನ ಬಾರದಿರಲೆಂದು ನೀರಿನ ಟ್ಯಾಂಕ್ ಎಂಬ ಹೆಸರಿಟ್ಟರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ಕದನದಲ್ಲಿ ಅದು ಮೊದಲ ಬಾರಿಗೆ ರಣಾಂಗಣಕ್ಕಿಳಿಯಿತು. ಸುಳ್ಳು ಹೆಸರೇ ಖಾಯಂ ಆಯಿತು.

ಮೊದಲ ಅವಧಿ ಅಳತೆಗೆ. ನಿಜವಾದ ಟ್ಯಾಂಕಿನ ತೂಕ 36 ಟನ್, ಇದು 35ರಲ್ಲಿ ಒಂದು ಪಾಲು, ಹಾಗಾದರೆ ಅದೇ ಉಕ್ಕಿನಲ್ಲಿ ಒಳಗಿನದೆಲ್ಲ ಸೇರಿಸಿ ಈ ಮಾದರಿ ಮಾಡಿದರೆ ತೂಕ ಎಷ್ಟಾಗಬೇಕು? ಭಾಗಾಕಾರ ಮಾಡಿ "ಒಂದು ಟನ್ ಮಿಸ್" ಎಂದರು. ಹಾಗೆಂದು ಒಬ್ಬ ಎದ್ದು ಬಂದು ಮಾದರಿಯನ್ನು ಒಂದೇ ಕೈಯಲ್ಲಿ ಎತ್ತಿದ. ತರಗತಿ ನಕ್ಕಿತು. ಇಷ್ಟು ಚಿಕ್ಕ ವಸ್ತು, ಉಕ್ಕಿನದೇ ಆದರೂ, ಒಂದು ಟನ್ ತೂಗಲು ಸಾಧ್ಯವೇ ಇಲ್ಲ ಎಂಬುದು ಅವರಿಗೇ ಹೊಳೆಯಿತು. ಲೆಕ್ಕ ಎಲ್ಲಿ ತಪ್ಪಿತು?

ಗಣಿತ ಕಿಟ್‌ನ ಮರದ ಘನಗಳನ್ನು ಕೊಟ್ಟೆ. ಒಂದು ಘನದ ಉದ್ದ ಎರಡರಷ್ಟು ಆಗುವಂತೆ ದೊಡ್ಡ ಘನ ಕಟ್ಟಲು ಹೇಳಿದೆ. ಎಂಟು ಬೇಕಾದವು. ಮೂರರಷ್ಟಕ್ಕೆ ಇಪ್ಪತ್ತೇಳು. ಹಾಗಾದರೆ ಮೂವತ್ತೈದರಷ್ಟಕ್ಕೆ? 35 × 35 × 35, ಅಂದರೆ 42,875. 36,000 ಕಿ.ಗ್ರಾಂ. ಅನ್ನು ಅದರಿಂದ ಭಾಗಿಸಿದರೆ ಸುಮಾರು 840 ಗ್ರಾಂ. ಒಂದು ಟನ್ ಎಂದವರಿಗೆ ಒಂದು ಕಿಲೋಗೂ ಕಡಿಮೆ ಬಂತು. ಉದ್ದ 35 ಪಟ್ಟು ಕುಗ್ಗಿದರೆ ಮೇಲ್ಮೈ 1,225 ಪಟ್ಟು, ಘನಗಾತ್ರ 42,875 ಪಟ್ಟು ಕುಗ್ಗುತ್ತದೆ ಎಂದು ಹಲಗೆಯ ಮೇಲೆ ಬರೆದವರು ಮಕ್ಕಳೇ.

ಎರಡನೆಯ ಅವಧಿ ಒತ್ತಡಕ್ಕೆ. ಟ್ಯಾಂಕಿನ ಪಟ್ಟಿ ನೆಲಕ್ಕೆ ತಾಗುವ ಭಾಗವನ್ನು ಸ್ಕೇಲಿನಲ್ಲಿ ಅಳೆಯಲು ಗುಂಪುಗಳಿಗೆ ಹೇಳಿದೆ. ಅಗಲ 1.65 ಸೆಂ.ಮೀ., ಉದ್ದ 11 ಸೆಂ.ಮೀ. ಬಂತು. 35ರಿಂದ ಗುಣಿಸಿದರೆ ನಿಜವಾದ ಪಟ್ಟಿಯ ಅಗಲ ಸುಮಾರು 58 ಸೆಂ.ಮೀ., ಉದ್ದ 385 ಸೆಂ.ಮೀ. ಎರಡು ಪಟ್ಟಿಗಳು ಸೇರಿ ಸುಮಾರು 44,660 ಚದರ ಸೆಂ.ಮೀ. 36,000 ಕಿ.ಗ್ರಾಂ. ಭಾರವನ್ನು ಇದರ ಮೇಲೆ ಹಂಚಿದರೆ ಪ್ರತಿ ಚದರ ಸೆಂ.ಮೀ.ಗೆ ಬೀಳುವುದು 0.8 ಕಿ.ಗ್ರಾಂ. ಭಾರ. ಪ್ಯಾಸ್ಕಲ್‌ನಲ್ಲಿ ಹೇಳಿದರೆ ಸುಮಾರು 79,000. ಟ್ಯಾಂಕಿನ ಕೈಪಿಡಿಯಲ್ಲಿರುವ ಸಂಖ್ಯೆಗೆ ಇದು ಹೊಂದುತ್ತದೆ. ಅಂಗೈ ಅಗಲದ ಪ್ಲಾಸ್ಟಿಕ್ ತುಂಡಿನಿಂದ, ತಾವು ಎಂದೂ ನೋಡದ ಯಂತ್ರದ ಒತ್ತಡವನ್ನು ಮಕ್ಕಳು ತಾವೇ ಕಂಡುಹಿಡಿದರು.

ಈಗ ಒಬ್ಬ ಹುಡುಗಿ ಗ್ರಾಫ್ ಕಾಗದದ ಮೇಲೆ ಒಂಟಿ ಕಾಲಲ್ಲಿ ನಿಂತಳು. ಪಾದದ ಅಚ್ಚು ಸುಮಾರು 100 ಚದರ ಸೆಂ.ಮೀ. ತೂಕ 40 ಕಿ.ಗ್ರಾಂ. ಚದರ ಸೆಂ.ಮೀ.ಗೆ 0.4. ಅಂದರೆ 36 ಟನ್ ಟ್ಯಾಂಕ್ ನೆಲವನ್ನು ಒತ್ತುವುದು ಒಂಟಿ ಕಾಲಲ್ಲಿ ನಿಂತ ಇವಳ ಎರಡರಷ್ಟು ಮಾತ್ರ! ಗಾಳಿ ತುಂಬಿದ ಸೈಕಲ್ ಟೈರಿನ ಒತ್ತಡ ಟ್ಯಾಂಕಿನದಕ್ಕಿಂತ ಹಲವು ಪಟ್ಟು ಹೆಚ್ಚು. ಕೊನೆಯ ಬೆಂಚಿನಿಂದ ಒಬ್ಬ ಹೇಳಿದ: "ಹೌದು ಮಿಸ್, ಗದ್ದೇಲಿ ಸೈಕಲ್ ಹೂತ್ಕತದೆ, ಹಿಟಾಚಿ ಹೂತ್ಕಳಲ್ಲ." ಇನ್ನೊಬ್ಬ ಕೆಸರುಗದ್ದೆಗೆ ಟ್ರ್ಯಾಕ್ಟರಿಗೆ ಹಾಕುವ ಅಗಲದ ಕಬ್ಬಿಣದ ಚಕ್ರದ ಮಾತೆತ್ತಿದ. ಆ ಎರಡು ಉದಾಹರಣೆಗಳು ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ.

ಟ್ಯಾಂಕ್ ಎಲ್ಲೂ ಹೂಳುವುದೇ ಇಲ್ಲವೇ ಎಂಬ ಪ್ರಶ್ನೆ ಸಹಜವಾಗಿ ಬಂತು. ಪಂಜಾಬಿನ ಅಸಲ್ ಉತ್ತರ್ ಬಗ್ಗೆ ಹೇಳಿದೆ. 1965ರ ಸೆಪ್ಟೆಂಬರಿನಲ್ಲಿ ಅಲ್ಲಿ ನಮ್ಮ ಸೇನೆ ಕಬ್ಬಿನ ಗದ್ದೆಗಳ ನಡುವೆ ಕುದುರೆ ಲಾಳದ ಆಕಾರದಲ್ಲಿ ಕಾದು ಕುಳಿತಿತ್ತು. ಗದ್ದೆಗಳಿಗೆ ನೀರು ಹರಿಸಲಾಗಿತ್ತು. ಸುಮಾರು 45 ಟನ್ ತೂಗುವ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಆ ಕೆಸರಿನಲ್ಲಿ ಸಿಕ್ಕಿಕೊಂಡವು. ಹವಲ್ದಾರ್ ಅಬ್ದುಲ್ ಹಮೀದ್ ಜೀಪಿನ ಮೇಲಿನ ತೋಪಿನಿಂದ ಹಲವು ಟ್ಯಾಂಕುಗಳನ್ನು ಹೊಡೆದು ಪ್ರಾಣ ಕೊಟ್ಟಿದ್ದು ಅಲ್ಲೇ. ಮರಣೋತ್ತರವಾಗಿ ಅವರಿಗೆ ಪರಮವೀರ ಚಕ್ರ ಬಂತು. ಒತ್ತಡ ಎಷ್ಟು ಎಂಬುದು ಅರ್ಧ ಉತ್ತರ, ನೆಲ ಎಷ್ಟು ತಾಳುತ್ತದೆ ಎಂಬುದು ಇನ್ನರ್ಧ. ನೀರು ಬಿಟ್ಟ ಗದ್ದೆ ಎಂದರೆ ಏನೆಂದು ನಾಲೆ ಬಯಲಿನ ಮಕ್ಕಳಿಗೆ ವಿವರಿಸಬೇಕಾಗಲಿಲ್ಲ.

ಕೊನೆಗೆ ಹಲಗೆಯ ಎರಡು ಕಾಲಂ ತುಂಬುವ ಕೆಲಸ. 'ಇದೆ' ಬೇಗ ತುಂಬಿತು: ಆಕಾರ, ಚಕ್ರ, ಪಟ್ಟಿ, ಬಣ್ಣ. 'ಇಲ್ಲ' ಕಾಲಂಗೆ ಎಂಜಿನ್, ತೂಕ, ಸದ್ದು ಬಂದವು. ಕಿಟ್‌ನಲ್ಲಿ ಬಂದಿದ್ದ, ಗೋಪುರದಿಂದ ತಲೆ ಹೊರಹಾಕಿದ ಸೈನಿಕನ ಪುಟ್ಟ ಗೊಂಬೆಯನ್ನು ನೋಡುತ್ತಿದ್ದ ಹುಡುಗಿ ಕೇಳಿದಳು: "ನಾಲ್ಕು ಜನ ಅಂದ್ರಲ್ಲ ಮಿಸ್, ಮಿಕ್ಕ ಮೂರು ಜನ ಎಲ್ಲಿ?"

ಮಾವ ಹೇಳಿದ್ದನ್ನು ಅವರಿಗೆ ಹೇಳಿದೆ. ಚಾಲಕನ ಪಕ್ಕದ ಡೀಸೆಲ್, ಗುಂಡು, ಬೆನ್ನ ಹಿಂದಿನ ಬಾಗಿಲು, ಮಾವನ ಎಡಗಿವಿ. ಅಲ್ಲಿಯವರೆಗೆ ಬಾಯಲ್ಲೇ ಗುಂಡಿನ ಸದ್ದು ಮಾಡುತ್ತಿದ್ದ ಹುಡುಗ ಸುಮ್ಮನಾಗಿ ಕೇಳಿದ. "ಬೆಂಕಿ ಬಿದ್ರೆ ನಾಲ್ಕೂ ಜನ ಆಚೆ ಬರಕ್ಕಾಗುತ್ತಾ ಮಿಸ್?" ಕೆಲವು ಸಲ ಆಗುತ್ತದೆ, ಕೆಲವು ಸಲ ಆಗುವುದಿಲ್ಲ ಎಂದೆ. ಅಸಲ್ ಉತ್ತರ್‌ನಲ್ಲಿ ಉರಿದ ಟ್ಯಾಂಕುಗಳ ಒಳಗೂ ಜನ ಇದ್ದರು ಎಂಬುದನ್ನು ಇನ್ನೊಬ್ಬಳು ತಾನಾಗಿಯೇ ಹೇಳಿದಳು. 'ಇಲ್ಲ' ಕಾಲಂನ ಕೊನೆಯಲ್ಲಿ ಅವಳೇ ಎದ್ದು ಬಂದು 'ಜನ' ಎಂದು ಬರೆದಳು.

ಎರಡು ಆಕ್ಷೇಪಗಳು

ಪಾಠದ ನಂತರದ ಚರ್ಚೆಯಲ್ಲಿ ಎರಡು ಆಕ್ಷೇಪ ಬಂದವು. ಶಾಲೆಯ ಮಾರ್ಗದರ್ಶಕ ಶಿಕ್ಷಕಿ ಕೇಳಿದ್ದು: "ಒತ್ತಡ ಹೇಳಿಕೊಡಕ್ಕೆ ಆಯುಧ ಯಾಕೆ ಬೇಕಿತ್ತಮ್ಮ? ಹಿಟಾಚಿ ಗೊಂಬೆ ತಂದಿದ್ದರೂ ಲೆಕ್ಕ ಅದೇ ಬರುತ್ತಿತ್ತು." ಲೆಕ್ಕದ ಮಟ್ಟಿಗೆ ಅವರ ಮಾತು ಪೂರ್ತಿ ನಿಜ. ಆದರೆ ಆ ತರಗತಿಯ ಹುಡುಗರಿಗೆ ಟ್ಯಾಂಕ್ ಹೊಸದಲ್ಲ. ಮೊಬೈಲ್ ಆಟಗಳಲ್ಲಿ ದಿನವೂ ಓಡಿಸುತ್ತಾರೆ, ಅಲ್ಲಿ ಟ್ಯಾಂಕ್ ಸುಟ್ಟರೆ ಅಂಕ ಬರುತ್ತದೆ. ಶಾಲೆ ಆ ವಸ್ತುವನ್ನು ಮುಟ್ಟದೇ ಇದ್ದರೆ ಅದರ ಬಗ್ಗೆ ಮಕ್ಕಳಿಗೆ ತಿಳಿಯುವುದು ಆಟ ಹೇಳಿಕೊಟ್ಟಷ್ಟೇ. 'ಮಿಕ್ಕ ಮೂರು ಜನ ಎಲ್ಲಿ' ಎಂಬ ಪ್ರಶ್ನೆ ಹಿಟಾಚಿ ಗೊಂಬೆಯಿಂದ ಹುಟ್ಟುತ್ತಿರಲಿಲ್ಲ. ಹೀಗೆಂದು ವಿನಯದಿಂದ ಹೇಳಿದೆ. ಅವರು ಒಪ್ಪಲಿಲ್ಲ, ಆದರೆ ಆ ಎರಡು ಕಾಲಂ ಅಳಿಸಬೇಡಿ, ನಾಳೆ ನನ್ನ ತರಗತಿಗೂ ಇರಲಿ ಎಂದರು.

ನಮ್ಮ ಕಾಲೇಜಿನ ಮೇಲ್ವಿಚಾರಕರ ಆಕ್ಷೇಪ ಬೇರೆ: "ಮಕ್ಕಳು ಮನೆಗೆ ಹೋಗಿ ಹೇಳುವುದು ಟ್ಯಾಂಕಿನ ಕತೆಯನ್ನೋ, ಒತ್ತಡವನ್ನೋ? ಉಪಕರಣ ಪಾಠವನ್ನು ನುಂಗಬಾರದು." ಇದಕ್ಕೆ ಮಾತಿನ ಉತ್ತರ ಸಾಲದು. ಮರುದಿನದ ಮೌಲ್ಯಮಾಪನದಲ್ಲಿ ಟ್ಯಾಂಕಿನ ಹೆಸರೇ ಇಲ್ಲದ ಪ್ರಶ್ನೆಗಳನ್ನು ಕೊಟ್ಟೆ. ಶಾಲಾ ಚೀಲದ ಪಟ್ಟಿ ಅಗಲವಾಗಿರುವುದೇಕೆ, ಒಂಟೆಯ ಪಾದ ಹರಡಿಕೊಂಡಿರುವುದೇಕೆ, ನೀರಿನ ತೊಟ್ಟಿಯ ಉದ್ದ, ಅಗಲ, ಎತ್ತರ ಎರಡರಷ್ಟಾದರೆ ಎಷ್ಟು ಪಟ್ಟು ನೀರು ಹಿಡಿಯುತ್ತದೆ. ಮೊದಲ ಎರಡಕ್ಕೆ ಹೆಚ್ಚಿನವರು ಕಾರಣ ಸಮೇತ ಬರೆದರು. ಮೂರನೆಯದಕ್ಕೆ ಕೆಲವರು ಇನ್ನೂ 'ಎರಡು ಪಟ್ಟು' ಎಂದೇ ಬರೆದರು. ಅವರಿಗೆ ಮತ್ತೆ ಮರದ ಘನಗಳನ್ನೇ ಕೊಡಬೇಕಾಯಿತು. ಘನಗಾತ್ರದ ಈ ಕಲ್ಪನೆ ಒಂದೇ ಅವಧಿಯಲ್ಲಿ ಕೂರುವಂಥದ್ದಲ್ಲ, ಎರಡು ದಿನ ಬಿಟ್ಟು ಮತ್ತೆ ಮುಟ್ಟಬೇಕು.

ಬೇರೆ ಮಾದರಿಗಳಿಗೂ

ಆ ಎರಡು ಕಾಲಂಗಳನ್ನು ಈಗ ಎಲ್ಲ ಮಾದರಿಗಳಿಗೂ ಬಳಸುತ್ತಿದ್ದೇನೆ. ಸೌರವ್ಯೂಹದ ಚಾರ್ಟಿನಲ್ಲಿ ಗ್ರಹಗಳ ಕ್ರಮ ಇದೆ, ದೂರ ಇಲ್ಲ. ಭೂಮಿ 1 ಮಿ.ಮೀ. ಚುಕ್ಕೆಯಾದರೆ ಸೂರ್ಯ ಸುಮಾರು 11 ಸೆಂ.ಮೀ. ಚೆಂಡು, ನಡುವಿನ ದೂರ ಸುಮಾರು 12 ಮೀಟರ್. ಅಷ್ಟು ಉದ್ದದ ಚಾರ್ಟ್ ಯಾವ ಗೋಡೆಗೂ ಹಿಡಿಸದು. ಹೃದಯದ ಮಾದರಿಯಲ್ಲಿ ಕೋಣೆಗಳಿವೆ, ಆದರೆ ನೀಲಿ ಬಣ್ಣ ನಮ್ಮ ಅನುಕೂಲಕ್ಕೆ ಬಳಿದದ್ದು. ನೀಲಿ ರಕ್ತ ಯಾರ ಮೈಯಲ್ಲೂ ಹರಿಯುವುದಿಲ್ಲ. ಪರಮಾಣುವಿನ ಥರ್ಮಕೋಲ್ ಮಾದರಿಯಲ್ಲಿ ನ್ಯೂಕ್ಲಿಯಸ್ ಇದೆ, ಅದರ ಸುತ್ತಲಿನ ಅಪಾರ ಖಾಲಿ ಇಲ್ಲ. ಮಾದರಿ ತೋರಿಸಿದ ಮೇಲೆ ಐದು ನಿಮಿಷ ಕೊಟ್ಟು 'ಇದರಲ್ಲಿ ಏನಿಲ್ಲ?' ಎಂದು ಕೇಳಿದರೆ ಮಕ್ಕಳು ಪಠ್ಯಕ್ಕಿಂತ ಮುಂದೆ ಹೋಗುತ್ತಾರೆ. ಇದಕ್ಕೆ ಖರ್ಚಿಲ್ಲ. ಸೀಮೆಸುಣ್ಣದ ಒಂದು ಗೆರೆ ಸಾಕು.

ಹವ್ಯಾಸ ಮುಂದುವರಿದಿದೆ. ಸುಟ್ಟು ಕರಕಲಾದ ಟ್ಯಾಂಕನ್ನು ಅಚ್ಚರಿಯಾಗುವಷ್ಟು ನೈಜವಾಗಿ ಚಿತ್ರಿಸುವ ಹವ್ಯಾಸಿಗಳಿದ್ದಾರೆ. ಬೂದಿಯ ಬಿಳುಪು, ಬೆಂದ ಲೋಹದ ಕಿತ್ತಳೆ ತುಕ್ಕು, ಎಲ್ಲವನ್ನೂ ತರುತ್ತಾರೆ. ತಂತ್ರವಾಗಿ ಅದು ಕಷ್ಟದ ಕೆಲಸ, ಕಲಿಯಬೇಕೆಂಬ ಆಸೆಯೂ ಇದೆ. ಆದರೆ ಅದನ್ನು ಮಾಡಿದರೆ ಮಾವನಿಗೆ ತೋರಿಸಬೇಕಾಗುತ್ತದೆ. ಒಳಗೇನೈತೆ ಎಂದು ಅವರು ಕೇಳಿಯೇ ಕೇಳುತ್ತಾರೆ. ಸದ್ಯಕ್ಕೆ ಮುಂದಿನ ಕಿಟ್‌ಗಾಗಿ ಗೋಪುರ ತೆರೆದು ಒಳಭಾಗ ತೋರಿಸುವ ಮಾದರಿಯೊಂದನ್ನು ಹುಡುಕುತ್ತಿದ್ದೇನೆ. ಅದರಲ್ಲಿ ನಾಲ್ಕು ಆಸನಗಳಿರಬೇಕು.